ಅನಿಮೇಷನ್ ಓದಲು ಚಿತ್ರ ಬರಬೇಕಾ, ಗಣಿತ ಬರಬೇಕಾ?

ಪ್ರಶ್ನೆ (ಪಿಯು ವಿದ್ಯಾರ್ಥಿನಿ, ತುಮಕೂರು)

ಎಲ್ಲರಿಗೂ ನಮಸ್ಕಾರ. ಎರಡನೇ ಪಿಯು, ಪಿಸಿಎಂಸಿ. ಕಂಪ್ಯೂಟರ್ ಅನಿಮೇಷನ್ ಓದಬೇಕು ಅಂತ ತುಂಬಾ ಆಸೆ ಇದೆ. ಮನೆಯಲ್ಲಿ "ಮೊದಲು ಇಂಜಿನಿಯರಿಂಗ್ ಸೇರು, ಆಮೇಲೆ ನೋಡೋಣ" ಅನ್ನುತ್ತಾರೆ. ಇಲ್ಲಿನ ಒಂದು ಕೋಚಿಂಗ್ ಸೆಂಟರಿನವರು ಮಾಯಾ ಅನ್ನುವ ಅನಿಮೇಷನ್ ಸಾಫ್ಟ್‌ವೇರ್ ಕಲಿತರೆ ಸಾಕು, ಡಿಗ್ರಿ ಯಾಕೆ ಅಂದರು. ನನಗೆ ಗಣಿತ ಇಷ್ಟ, ಚಿತ್ರ ಸುಮಾರಾಗಿ ಬರೆಯುತ್ತೇನೆ. ಕಾಲೇಜಿನಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಈ ದಾರಿ ಹಿಡಿದರೆ ನನ್ನ ಗಣಿತ ಸುಮ್ನೆ ವ್ಯರ್ಥ ಆಗುತ್ತದಾ?

ಉತ್ತರ 1 (ಊರು ಗುಬ್ಬಿ, ಕೆಲಸ ರಿಗ್ಗಿಂಗ್, ಅಂದರೆ ಕಂಪ್ಯೂಟರ್ ಪಾತ್ರದ ಒಳಗೆ ಮೂಳೆ ಕಟ್ಟುವುದು)

ಖಂಡಿತ ವ್ಯರ್ಥ ಆಗುವುದಿಲ್ಲ. ನನ್ನ ಕೆಲಸದಲ್ಲಿ ದಿನಾ ಬೇಕಾಗುವುದೇ ಅದು.

ತೊಗಲು ಗೊಂಬೆ ನೋಡಿರುತ್ತೀಯಲ್ಲ? ತೋಳು ಎತ್ತಿದರೆ ಮುಂಗೈಯೂ ಜೊತೆಗೇ ಬರುತ್ತದೆ. ಕಂಪ್ಯೂಟರಿನ ಪಾತ್ರದ ಒಳಗಿನ ಮೂಳೆಗಳೂ ಹಾಗೇ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಪ್ರತಿ ಮೂಳೆ ಎಲ್ಲಿದೆ, ಎಷ್ಟು ತಿರುಗಿದೆ ಅಂತ ಒಂದು ಮ್ಯಾಟ್ರಿಕ್ಸ್ (ಸಂಖ್ಯೆಗಳ ಕೋಷ್ಟಕ) ಹೇಳುತ್ತದೆ. ಭುಜದ ಮ್ಯಾಟ್ರಿಕ್ಸ್‌ಗೆ ಮೊಣಕೈಯದನ್ನು ಗುಣಿಸಬೇಕು, ಅದಕ್ಕೆ ಮಣಿಕಟ್ಟಿನದನ್ನು. ನೀನು ಪಿಯುನಲ್ಲಿ ಕಲಿತ ಮ್ಯಾಟ್ರಿಕ್ಸ್ ಗುಣಾಕಾರವೇ. ಇನ್ನು ಪಾದ ನೆಲದ ಮೇಲೆ ಜಾರದೆ ನಿಲ್ಲಬೇಕು ಅಂದರೆ ಲೆಕ್ಕ ತಿರುಗುಮುರುಗು. ಪಾದದ ಜಾಗ ಗೊತ್ತು, ಮಂಡಿ ಎಷ್ಟು ಮಡಿಸಬೇಕು ಅಂತ ಕಂಡುಹಿಡಿಯಬೇಕು. ಅದು ಇನ್ವರ್ಸ್ ಕೈನೆಮ್ಯಾಟಿಕ್ಸ್. ತೊಡೆ, ಕಣಕಾಲು ಎರಡೇ ಮೂಳೆ ಇದ್ದರೆ ಕೊಸೈನ್ ನಿಯಮದಲ್ಲೇ ಉತ್ತರ ಸಿಗುತ್ತದೆ.

ತಿರುಗಿಸುವ ವಿಷಯ ಇನ್ನೂ ಸೊಗಸು. ಎಕ್ಸ್, ವೈ, ಝಡ್ ಮೂರು ಕೋನಗಳಲ್ಲಿ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಎರಡು ಅಕ್ಷ ಒಂದರ ಮೇಲೊಂದು ಬಿದ್ದು ಒಂದು ದಿಕ್ಕಿನ ಚಲನೆಯೇ ಕೈತಪ್ಪುತ್ತದೆ, ಅದಕ್ಕೆ ಗಿಂಬಲ್ ಲಾಕ್ ಅನ್ನುತ್ತಾರೆ. ಪರಿಹಾರ ಕ್ವಾಟರ್ನಿಯನ್, ಅಂದರೆ ತಿರುಗುವಿಕೆಯನ್ನು ನಾಲ್ಕು ಸಂಖ್ಯೆಗಳಲ್ಲಿ ಹೇಳುವ ವಿಧಾನ. ಗಣಿತಜ್ಞ ಹ್ಯಾಮಿಲ್ಟನ್ ಅದನ್ನು ಕಂಡುಹಿಡಿದದ್ದು 1843ರಲ್ಲಿ. ಅನಿಮೇಷನ್‌ಗೆ ಹೇಗೆ ಬಳಸಬಹುದು ಅಂತ ಕೆನ್ ಶೂಮೇಕ್ ತೋರಿಸಿದ್ದು 1985ರಲ್ಲಿ.

ಉತ್ತರ 2 (ಅನಿಮೇಷನ್ ಪಾಠ ಮಾಡುವವಳು)

ಮೇಲಿನವರು ಹೇಳಿದ್ದು ಸರಿ, ಆದರೆ ಅದು ಅರ್ಧ. ಸೆಕೆಂಡಿಗೆ 24 ಫ್ರೇಮ್ ಇರುತ್ತದೆ. ನಾವು ಕೆಲವು ಭಂಗಿ ಮಾತ್ರ ಕೊಡುತ್ತೇವೆ, ಅವೇ ಕೀಫ್ರೇಮ್. ನಡುವಿನದನ್ನು ಕಂಪ್ಯೂಟರ್ ನುಣುಪಾದ ಗೆರೆ ಎಳೆದು ತುಂಬುತ್ತದೆ. ಅದನ್ನು ಹಾಗೇ ಬಿಟ್ಟರೆ ಪಾತ್ರಕ್ಕೆ ತೂಕವೇ ಇರುವುದಿಲ್ಲ, ನೀರಿನಲ್ಲಿ ತೇಲಿದಂತೆ ಕಾಣುತ್ತದೆ. ಆ ಗೆರೆಯನ್ನು ಎಲ್ಲಿ ಕಡಿದಾಗಿಸಬೇಕು, ಎಲ್ಲಿ ಒಂದೆರಡು ಫ್ರೇಮ್ ಸುಮ್ಮನೆ ತಡೆಯಬೇಕು ಅನ್ನುವುದು ಯಾವ ಸೂತ್ರದಲ್ಲೂ ಸಿಗುವುದಿಲ್ಲ. ಡಿಸ್ನಿಯ ಫ್ರಾಂಕ್ ಥಾಮಸ್, ಆಲಿ ಜಾನ್ಸ್ಟನ್ 1981ರಲ್ಲಿ ಬರೆದಿಟ್ಟ ಅನಿಮೇಷನ್‌ನ 12 ತತ್ವಗಳನ್ನು ನಾವು ಈಗಲೂ ಕಲಿಸುವುದು ಅದಕ್ಕೇ. ಮೊದಲ ಅಭ್ಯಾಸ ಪುಟಿಯುವ ಚೆಂಡು. ಅದೇ ಚೆಂಡು ರಬ್ಬರಿನದಾ, ಕಬ್ಬಿಣದ್ದಾ ಅಂತ ಬರೀ ಚಲನೆಯಲ್ಲೇ ಗೊತ್ತಾಗಬೇಕು.

ಅದಕ್ಕೆ ನೋಡುವ ಅಭ್ಯಾಸ ಬೇಕು. ನಿಮ್ಮೂರಲ್ಲಿ ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ದನಗಳ ಜಾತ್ರೆ ಸೇರುತ್ತದಲ್ವಾ? ಒಂದು ಬೆಳಿಗ್ಗೆ ಹೋಗಿ ಹಳ್ಳಿಕಾರ್ ಎತ್ತುಗಳ ನಡಿಗೆ ನೋಡು. ಎಡ ಹಿಂಗಾಲು, ಎಡ ಮುಂಗಾಲು, ಆಮೇಲೆ ಬಲ ಹಿಂಗಾಲು, ಬಲ ಮುಂಗಾಲು. ಕುದುರೆ ಓಡುವಾಗ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆ ಅಂತ ಜನಕ್ಕೆ ಖಾತ್ರಿ ಆದದ್ದು ಛಾಯಾಗ್ರಾಹಕ ಮೈಬ್ರಿಜ್ 1878ರಲ್ಲಿ ಸಾಲಾಗಿ ಫೋಟೊ ತೆಗೆದ ಮೇಲೆ. ನಿನ್ನ ಹತ್ತಿರ ಮೊಬೈಲ್ ಇದೆ.

ಉತ್ತರ 3

ದಾರಿಯ ಬಗ್ಗೆ ಯಾರೂ ಹೇಳಲಿಲ್ಲ. ಈಗಲೇ ಡಿಸೈನ್ ಓದುವುದಾದರೆ ಎನ್ಐಡಿಗೆ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಡಿಎಟಿ, ಐಐಟಿಗಳ ಬಿ.ಡೆಸ್‌ಗೆ (ಡಿಸೈನ್ ಪದವಿ) ಯುಸೀಡ್ ಅನ್ನುವ ಪ್ರವೇಶ ಪರೀಕ್ಷೆ ಇದೆ. ಎರಡಕ್ಕೂ ಯಾವ ವಿಭಾಗದವರೂ ಬರೆಯಬಹುದು. ಮನೆಯವರ ಮಾತು ಕೇಳಿ ಕಂಪ್ಯೂಟರ್ ಸೈನ್ಸ್ ಸೇರಿದರೂ ಬಾಗಿಲು ಮುಚ್ಚುವುದಿಲ್ಲ. ಗ್ರಾಫಿಕ್ಸ್ ವಿಷಯ ತೆಗೆದುಕೊಂಡು, ಆಮೇಲೆ ಸೀಡ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ಐಐಟಿ ಬಾಂಬೆಯಲ್ಲಿ ಅನಿಮೇಷನ್ ಎಂ.ಡೆಸ್ (ಡಿಸೈನ್ ಸ್ನಾತಕೋತ್ತರ ಪದವಿ) ಮಾಡಬಹುದು. ಗಣಿತ ಇಷ್ಟ ಅಂದೆಯಲ್ಲ, ನಿನಗೆ ಇದು ಚೆನ್ನಾಗಿ ಹೊಂದುತ್ತದೆ ಅನ್ನಿಸುತ್ತದೆ. ಆ ಕೋಚಿಂಗ್‌ಗೆ ಜಾಸ್ತಿ ದುಡ್ಡು ಸುರಿಯಬೇಡ. ಬ್ಲೆಂಡರ್ ಅನ್ನುವ ಅನಿಮೇಷನ್ ಸಾಫ್ಟ್‌ವೇರ್ ಪೂರ್ತಿ ಉಚಿತ, 2002ರಿಂದ ಅದರ ಸೋರ್ಸ್ ಕೋಡೂ ಎಲ್ಲರಿಗೂ ಮುಕ್ತ.

ಪ್ರಶ್ನೆ ಕೇಳಿದವಳು

ತುಂಬಾ ಥ್ಯಾಂಕ್ಸ್! ಅಪ್ಪನಿಗೆ ಮೂರನೇ ಉತ್ತರ ಓದಿಸಿದೆ. ಜಾತ್ರೆಯಲ್ಲಿ ವಿಡಿಯೊ ಹೇಗೆ ತೆಗೆಯಬೇಕು?

ಉತ್ತರ 2ರವರು

ಸರಿಯಾಗಿ ಪಕ್ಕದಿಂದ, ಮೊಬೈಲ್ ಅಲ್ಲಾಡದಂತೆ ಇಟ್ಟು, ಗೊರಸು ಪೂರ್ತಿ ಕಾಣುವ ಹಾಗೆ. ಎತ್ತು ಎರಡು ಸಲ ಪೂರ್ತಿ ಹೆಜ್ಜೆ ಹಾಕಿದರೆ ಸಾಕು. ಬ್ಲೆಂಡರ್‌ನಲ್ಲಿ ಹಿನ್ನೆಲೆಯಾಗಿ ಹಾಕಿಕೊಂಡು, ಯಾವ ಫ್ರೇಮಿನಲ್ಲಿ ಯಾವ ಗೊರಸು ನೆಲ ಮುಟ್ಟಿತು ಅಂತ ಮೊದಲು ಕಾಗದದ ಮೇಲೆ ಬರೆದುಕೋ. ಬೆನ್ನು, ತಲೆ ಎಲ್ಲ ಆಮೇಲೆ.