ಗ್ರಾಂಟ್ ಪ್ರೊಪೋಸಲ್ ಬರೆಯುವಾಗ ನಿಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಯಾವುದು?

ಹೊಸ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಅಂತರ್ಜಲಕ್ಕೆ ನೈಟ್ರೇಟ್ ಎಲ್ಲಿಂದ ಬಂದು ಸೇರುತ್ತದೆ ಅನ್ನೋದು ನನ್ನ ವಿಷಯ. ಸಂಶೋಧನೆಗೆ ಹಣ ಕೇಳಿ ಹೋದ ಸಲ ಹಾಕಿದ ಪ್ರೊಪೋಸಲ್ ವಾಪಸ್ ಬಂತು. ಇಬ್ಬರು ರಿವ್ಯೂವರ್‌ಗಳು "ಉದ್ದೇಶ ಸ್ಪಷ್ಟವಿಲ್ಲ" ಅಂತ ಬರೆದಿದ್ದಾರೆ, ಮೂರನೆಯವರು "ಇದು ಮೂರು ವರ್ಷದಲ್ಲಿ ಮುಗಿಯುವ ಕೆಲಸವಲ್ಲ" ಅಂದಿದ್ದಾರೆ.

ಪೇಪರ್ ಬರೆದು ಅಭ್ಯಾಸ ಇದೆ, ಇದು ಬೇರೆಯೇ ಅನ್ನಿಸುತ್ತಿದೆ. ನೆಟ್ಟಲ್ಲಿ ಹುಡುಕಿದರೆ "ಗೆಲ್ಲುವ ಪ್ರೊಪೋಸಲ್‌ಗೆ ಹತ್ತು ಸೂತ್ರ" ಥರದ್ದು ನೂರೆಂಟು ಸಿಗುತ್ತವೆ, ಎಲ್ಲದರಲ್ಲೂ "ಸ್ಪಷ್ಟವಾಗಿ ಬರೆಯಿರಿ" ಅಂತ ಇರುತ್ತದೆ, ಹೇಗೆ ಅಂತ ಮಾತ್ರ ಯಾರೂ ಹೇಳಲ್ಲ. ನೀವೆಲ್ಲ ಏನು ನೋಡಿ ಕಲಿತಿರಿ?

ನನ್ನ ಮೊದಲ ಸಾಲು ಇದು: "ಇಂದಿನ ದಿನಗಳಲ್ಲಿ ಅಂತರ್ಜಲ ಮಾಲಿನ್ಯವು ಜಗತ್ತಿನಾದ್ಯಂತ ಒಂದು ಗಂಭೀರ ಸಮಸ್ಯೆಯಾಗಿದೆ." ಬೈದರೂ ಪರವಾಗಿಲ್ಲ.

ಸಂಜೆಮಲ್ಲಿಗೆ

ಬೈಯಲ್ಲ ಮೇಷ್ಟ್ರೇ. ಆದರೆ ಆ ಸಾಲನ್ನು ಯಾರ ಪ್ರೊಪೋಸಲ್‌ಗೆ ಬೇಕಾದರೂ ಅಂಟಿಸಬಹುದು, ಅಲ್ವಾ?

ನಾನು ರಿವ್ಯೂ ಸಮಿತಿಗಳಲ್ಲಿ ಕೂತಿದ್ದೇನೆ. ಒಂದರ ಹಿಂದೆ ಒಂದು ಓದುತ್ತಾ ಹೋಗುವಾಗ ಅರ್ಧಕ್ಕರ್ಧ ಹೀಗೇ ಶುರುವಾಗುತ್ತವೆ. ಕಣ್ಣು ತಾನಾಗಿ ಮುಂದಿನ ಪ್ಯಾರಾಕ್ಕೆ ಜಾರುತ್ತದೆ. ನಿಮ್ಮ ವಿಷಯದಲ್ಲಿ ನಿಜವಾದ ತೊಡಕು ಏನು? ಸಗಣಿ ಗೊಬ್ಬರದಿಂದ ಬಂದ ನೈಟ್ರೇಟು, ಕೊಳಚೆ ನೀರಿನಿಂದ ಬಂದ ನೈಟ್ರೇಟು, ಎರಡನ್ನೂ ಬರೀ ಸಾರಜನಕದ ಐಸೋಟೋಪ್ (ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣುಗಳು) ನೋಡಿ ಬೇರ್ಪಡಿಸುವುದು ಕಷ್ಟ, ಅಳತೆಗಳು ಒಂದರೊಳಗೊಂದು ಸೇರಿಕೊಂಡುಬಿಡುತ್ತವೆ. ಅಲ್ಲಿಂದಲೇ ಶುರು ಮಾಡಿ. "ಈ ಎರಡನ್ನು ಈಗಿನ ಅಳತೆಯಲ್ಲಿ ಬೇರ್ಪಡಿಸಲಾಗುತ್ತಿಲ್ಲ. ಜೊತೆಗೆ ಬೋರಾನ್ ಐಸೋಟೋಪನ್ನೂ ಅಳೆದು 40 ಬಾವಿಗಳಲ್ಲಿ ನಾವು ಬೇರ್ಪಡಿಸುತ್ತೇವೆ." ನಿಮ್ಮ ವಿಧಾನ ಬೇರೆ ಇದ್ದರೆ ಅದನ್ನು ಹಾಕಿ. ಎರಡು ಸಾಲು ಸಾಕು. ಜಗತ್ತಿನ ಸಮಸ್ಯೆ ರಿವ್ಯೂವರ್‌ಗೆ ಗೊತ್ತಿದೆ, ಗೊತ್ತಿಲ್ಲದ್ದು ನಿಮ್ಮ ಕೆಲಸ.

ಇನ್ನು ಏನು ನೋಡಬೇಕು ಅಂದಿರಿ. ಸೂತ್ರಗಳನ್ನು ಬಿಡಿ, ಹಣ ಸಿಕ್ಕ ಪ್ರೊಪೋಸಲ್‌ಗಳನ್ನು ಓದಿ. ಅಮೆರಿಕದಲ್ಲಿ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಎನ್‌ಐಎಚ್‌ನ ರಿಪೋರ್ಟರ್, ಉಳಿದ ವಿಜ್ಞಾನಗಳಿಗೆ ಕೊಡುವ ಎನ್‌ಎಸ್‌ಎಫ್‌ನ ಅವಾರ್ಡ್ ಸರ್ಚ್, ಯುರೋಪಿನ ಕಾರ್ಡಿಸ್, ಹಣ ಸಿಕ್ಕ ಯೋಜನೆಗಳ ಈ ಮೂರು ಪಟ್ಟಿಗಳೂ ನೆಟ್ಟಲ್ಲಿ ಎಲ್ಲರಿಗೂ ತೆರೆದಿವೆ. ಅಲ್ಲಿ ಸಾರಾಂಶ ಮಾತ್ರ ಸಿಗುವುದು, ಆದರೂ ನಿಮ್ಮ ವಿಷಯದಲ್ಲಿ ಯಾರಿಗೆ ಯಾವ ಪ್ರಶ್ನೆಗೆ ಹಣ ಸಿಕ್ಕಿದೆ ಅಂತ ಒಂದೇ ಸಂಜೆಯಲ್ಲಿ ತಿಳಿಯುತ್ತದೆ. ಪೂರ್ತಿ ಪ್ರೊಪೋಸಲ್ಲೇ ಬೇಕು ಅಂದರೆ ಎನ್‌ಐಎಚ್‌ನ ಅಂಗಸಂಸ್ಥೆ ಎನ್‌ಐಎಐಡಿ ತನ್ನ ಜಾಲತಾಣದಲ್ಲಿ ಕೆಲವನ್ನು ಹಾಕಿದೆ, ರಿವ್ಯೂವರ್‌ಗಳ ಟಿಪ್ಪಣಿ ಸಮೇತ. ವಿಷಯ ಸಾಂಕ್ರಾಮಿಕ ರೋಗ, ಅಲರ್ಜಿ ಇತ್ಯಾದಿ, ನಿಮ್ಮದಲ್ಲ. ಇರಲಿ. ಮೊದಲು ಪ್ರೊಪೋಸಲ್ ಓದಿ ನೀವೇ ನಾಲ್ಕು ತಪ್ಪು ಬರೆದಿಟ್ಟುಕೊಳ್ಳಿ, ಆಮೇಲೆ ಟಿಪ್ಪಣಿ ತೆಗೆದು ನೋಡಿ. ಯಾವ ಕಾರ್ಯಾಗಾರಕ್ಕೆ ಹೋದರೂ ಇಷ್ಟು ಕಲಿಯಲಾಗದು ಅನ್ನುವುದು ನನ್ನ ಅಭಿಪ್ರಾಯ. (ಕಾರ್ಯಾಗಾರ ನಡೆಸುವವರು ಇಲ್ಲಿದ್ದರೆ ಕ್ಷಮಿಸಿ.)

ಇನ್ನೊಂದು ಹಳೇ ಸಾಧನ ಇದೆ. 1975ರಿಂದ 1977ರವರೆಗೆ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ನಿರ್ದೇಶಕರಾಗಿದ್ದ ಜಾರ್ಜ್ ಹೈಲ್‌ಮೈಯರ್ ಅವರ ಪ್ರಶ್ನೆಗಳು. ಏನು ಮಾಡಲು ಹೊರಟಿದ್ದೀರಿ, ಪಾರಿಭಾಷಿಕ ಪದ ಇಲ್ಲದೆ ಹೇಳಿ. ಈಗ ಅದನ್ನು ಹೇಗೆ ಮಾಡುತ್ತಾರೆ, ಎಲ್ಲಿ ನಿಂತುಹೋಗಿದೆ? ನಿಮ್ಮದರಲ್ಲಿ ಹೊಸತೇನು? ಗೆದ್ದರೆ ಯಾರಿಗೆ ಏನಾಗುತ್ತದೆ? ಅಪಾಯ, ಖರ್ಚು, ಸಮಯ ಎಷ್ಟು? ನಡುವೆ ಗೆಲುವನ್ನು ಅಳೆಯುವುದು ಹೇಗೆ? ಇವಕ್ಕೆ ಒಂದು ಪುಟದಲ್ಲಿ ಉತ್ತರ ಬರೆಯಿರಿ, ಬೇರೆ ವಿಭಾಗದ ಒಬ್ಬರ ಕೈಗೆ ಕೊಡಿ. ಓದಿಸಿ, ಕಾಗದ ಕಿತ್ತುಕೊಂಡು, "ನಾನು ಏನು ಮಾಡ್ತೀನಿ ಹೇಳಿ" ಅನ್ನಿ. ಅವರು ತಡವರಿಸಿದ ಕಡೆಯೇ ನಿಮ್ಮ "ಉದ್ದೇಶ ಸ್ಪಷ್ಟವಿಲ್ಲ" ಇರುವುದು.

ಕಡತ

ನಾನು ವಿಶ್ವವಿದ್ಯಾಲಯದ ಸಂಶೋಧನಾ ಕಚೇರಿಯಲ್ಲಿ ಪ್ರೊಪೋಸಲ್ ಕಳಿಸುವ ಕಡೆ ಕೆಲಸ ಮಾಡುವವನು. ವಿಜ್ಞಾನದ ಬಗ್ಗೆ ಮಲ್ಲಿಗೆ ಮೇಡಂ ಹೇಳಿದ್ದಾರೆ, ನಾನು ಬಜೆಟ್ ಹೇಳುತ್ತೇನೆ.

ಮೂರನೇ ರಿವ್ಯೂವರ್ ಮಾತು ಬರುವುದು ಬಹುಪಾಲು ಅಲ್ಲಿಂದ. ವಿಧಾನದಲ್ಲಿ 40 ಬಾವಿ, ವರ್ಷಕ್ಕೆ ಮೂರು ಸಲ ಸ್ಯಾಂಪಲ್, ಮೂರು ವರ್ಷ ಅಂತ ಇರುತ್ತದೆ. ಅಂದರೆ 360 ಸ್ಯಾಂಪಲ್. ಬಜೆಟ್ ತೆರೆದರೆ 120ಕ್ಕೆ ಮಾತ್ರ ಪರೀಕ್ಷಾ ವೆಚ್ಚ. ಇದು ಕಣ್ಣಿಗೆ ಬಿದ್ದ ಮೇಲೆ ಉಳಿದ ಪುಟಗಳನ್ನು ಯಾರು ನಂಬುತ್ತಾರೆ? ಹಾಗಾಗಿ ಬಜೆಟ್ಟನ್ನು ಕೊನೆಗೆ ಇಡಬೇಡಿ. ವಿಧಾನದ ಒಂದೊಂದು ವಾಕ್ಯಕ್ಕೂ ಯಾರು, ಯಾವ ತಿಂಗಳು, ಎಷ್ಟು ಹಣ ಅಂತ ಮೂರು ಕಾಲಂ ಹಾಕಿ. ತುಂಬಲಾಗದ ಕಾಲಂ ಇದ್ದರೆ ಆ ಕೆಲಸವನ್ನು ಪ್ರೊಪೋಸಲ್‌ನಿಂದಲೇ ತೆಗೆಯಿರಿ.

ಡೇಟಾ ನಿರ್ವಹಣೆಯ ಯೋಜನೆ ಕೇಳಿದರೆ ಡಿಎಂಪಿಟೂಲ್ ಅಥವಾ ಡಿಎಂಪಿಆನ್‌ಲೈನ್ ಜಾಲತಾಣ ನೋಡಿ, ಹಣ ಕೊಡುವ ಬೇರೆಬೇರೆ ಏಜೆನ್ಸಿಗಳ ನಮೂನೆ ಅಲ್ಲೇ ಇವೆ. ಪುಟದ ಮಿತಿ ತಮಾಷೆಯಲ್ಲ. ಎನ್‌ಎಸ್‌ಎಫ್ ಯೋಜನಾ ವಿವರಣೆಗೆ ಸಾಮಾನ್ಯವಾಗಿ 15 ಪುಟ, ಎನ್‌ಐಎಚ್ ಅರ್ಜಿಯ ಉದ್ದೇಶಗಳ ಭಾಗಕ್ಕೆ ಒಂದೇ ಪುಟ. ಮೀರಿದರೆ ವಿಜ್ಞಾನ ಎಷ್ಟೇ ಚೆನ್ನಾಗಿದ್ದರೂ ಓದದೇ ವಾಪಸ್ ಕಳಿಸಬಹುದು.

ಮತ್ತೆ ದಯವಿಟ್ಟು, ಡೆಡ್‌ಲೈನ್ ದಿನ ಸಂಜೆ ನಮ್ಮ ಬಾಗಿಲು ತಟ್ಟಬೇಡಿ. ಎರಡು ವಾರ ಮೊದಲು ಅರೆಬೆಂದ ಕರಡು ತಂದರೂ ಸಂತೋಷ. ಏಜೆನ್ಸಿಯ ಪ್ರೋಗ್ರಾಂ ಅಧಿಕಾರಿಗೆ ಅದಕ್ಕಿಂತ ಎಷ್ಟೋ ಮೊದಲೇ ಒಂದು ಪುಟದ ಸಾರಾಂಶ ಕಳಿಸಿ "ಇದು ನಿಮ್ಮ ಯೋಜನೆಗೆ ಹೊಂದುತ್ತದಾ" ಅಂತ ಕೇಳಿ. ಕೇಳಲು ಜನ ಸುಮ್ನೆ ಹೆದರುತ್ತಾರೆ.

ಅರ್ಧವಿರಾಮ

ಎಐ ಹತ್ತಿರ ಬರೆಸುವವರು ಏಜೆನ್ಸಿಯ ನಿಯಮ ಮೊದಲು ಓದಿ. ಬಹುಪಾಲು ಭಾಗವನ್ನು ಎಐ ಬರೆದಿರುವ ಅರ್ಜಿಗಳನ್ನು ಅರ್ಜಿದಾರರ ಸ್ವಂತ ವಿಚಾರ ಅಂತ ಒಪ್ಪುವುದಿಲ್ಲ ಅಂತ ಎನ್‌ಐಎಚ್ 2025ರಲ್ಲಿ ಹೇಳಿದೆ. ರಿವ್ಯೂ ಮಾಡುವವರು ಅದನ್ನು ಬಳಸುವುದಕ್ಕಂತೂ 2023ರಿಂದಲೇ ತಡೆ ಇದೆ. ನಾನು ಅದರ ಹತ್ತಿರ ಮಾಡಿಸುವುದು ಒಂದೇ ಕೆಲಸ, ಈಗಾಗಲೇ ಪ್ರಕಟವಾದ ನನ್ನ ಹಳೇ ಪೇಪರಿನ ಉದ್ದ ವಾಕ್ಯಗಳನ್ನು ತುಂಡು ಮಾಡಿಸಿ ಅಭ್ಯಾಸ ಮಾಡುವುದು. ಹೊಸ ಐಡಿಯಾ ಇರುವ ಕರಡನ್ನು ಅದಕ್ಕೆ ಕೊಡಲ್ಲ.

ಹೊಸ_ಮೇಷ್ಟ್ರು

ಎಲ್ಲರಿಗೂ ಥ್ಯಾಂಕ್ಸ್. ಕಡತ ಸರ್, ಮೂರು ಕಾಲಂ ಈಗಲೇ ಹಾಕಿ ನೋಡಿದೆ. ಸ್ಯಾಂಪಲ್ ಲೆಕ್ಕ ಸರಿ ಇದೆ. ಆದರೆ ಸ್ಯಾಂಪಲ್ ತರಲು ಹೋಗುವವರು "ಯಾರು" ಅನ್ನುವ ಕಾಲಂ ಒಂಬತ್ತು ಕಡೆ ಖಾಲಿ. ಎಲ್ಲಾ ಕಡೆ ನಾನೇ ಹೋಗ್ತೀನಿ ಅಂದುಕೊಂಡಿದ್ದೆ, ಅದೂ ತರಗತಿ ಇರುವ ತಿಂಗಳುಗಳಲ್ಲಿ. ಒಬ್ಬ ಸಹಾಯಕರನ್ನು ಸೇರಿಸಿದರೆ ಬಜೆಟ್ ಮಿತಿ ಮೀರುತ್ತದೆ. ಬಾವಿಗಳನ್ನು 40ರಿಂದ 25ಕ್ಕೆ ಇಳಿಸಲಾ, ಇಲ್ಲಾ ವರ್ಷಕ್ಕೆ ಎರಡೇ ಸಲ ಸ್ಯಾಂಪಲ್ ಮಾಡಲಾ?

ಸಂಜೆಮಲ್ಲಿಗೆ

ಬಾವಿ ಇಳಿಸಿ. ಮಳೆಗೆ ಮುಂಚೆ, ಮಳೆಯಲ್ಲಿ, ಮಳೆ ಮುಗಿದ ಮೇಲೆ, ಈ ಮೂರೂ ಇಲ್ಲದಿದ್ದರೆ ನಿಮ್ಮ ಪ್ರಶ್ನೆಗೇ ಉತ್ತರ ಸಿಗಲ್ಲ. 25 ಯಾಕೆ ಸಾಕು ಅಂತ ಒಂದು ಸಾಲು ಬರೆಯಿರಿ, ಮರೀಬೇಡಿ.