ಮಲ್ಟಿಪಾಸ್ ವೆಲ್ಡಿನ ಒಳಗೆ ಸ್ಲ್ಯಾಗ್ ಉಳಿಯುತ್ತಿದೆ: ತಪ್ಪು ಕರೆಂಟಿನದಾ, ಕೈಯದಾ, ಕ್ಲೀನಿಂಗಿನದಾ?

ಹೊಸ_ಹೋಲ್ಡರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 10 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟಿಗೆ ಅಂಚು ಓರೆಯಾಗಿಸಿ ವಿ-ಗ್ರೂವ್ ಮಾಡಿ ಬಟ್ ಜಾಯಿಂಟ್ (ಅಂಚಿಗೆ ಅಂಚು ಸೇರಿಸುವುದು) ಹಾಕುವ ಕೆಲಸ. ಎರಡೂ ಕಡೆ ಸೇರಿ ಸುಮಾರು 50 ಡಿಗ್ರಿ ಕೋನ, ಗ್ಯಾಪ್ 2 ಮಿ.ಮೀ. ರಾಡ್ (ಮೇಲೆ ಫ್ಲಕ್ಸ್ ಎಂಬ ಲೇಪವಿರುವ ವೆಲ್ಡಿಂಗ್ ಕಡ್ಡಿ) ಇ6013, 3.15 ಮಿ.ಮೀ. ಇನ್ವರ್ಟರ್ ಮೆಷಿನ್, 90 ಆಂಪಿಯರ್. ತಳದ ಮೊದಲ ಪದರವಾದ (ಪಾಸ್) ರೂಟಿನಿಂದ ಎಲ್ಲಕ್ಕಿಂತ ಮೇಲಿನ ಕ್ಯಾಪ್‌ವರೆಗೆ ಅದೇ ರಾಡ್, ಅದೇ ಸೆಟ್ಟಿಂಗ್.

ಬೀಡಿನ (ಹಾಕಿದ ವೆಲ್ಡಿನ ಸಾಲು) ನಡುವಿನ ಸ್ಲ್ಯಾಗ್ (ಫ್ಲಕ್ಸ್ ಕರಗಿ ಮೇಲೆ ಗಟ್ಟಿಯಾದ ಪದರ) ಹ್ಯಾಮರ್ ಏಟಿಗೆ ಬಿಟ್ಟುಕೊಳ್ಳುತ್ತದೆ. ಆದರೆ ಎರಡೂ ಅಂಚಿನಲ್ಲಿ ಕಪ್ಪು ಗೆರೆ ಕಚ್ಚಿಕೊಂಡೇ ಇರುತ್ತದೆ, ವೈರ್ ಬ್ರಷ್‌ಗೂ ಬಗ್ಗುವುದಿಲ್ಲ. ಟೆಸ್ಟ್ ಪೀಸ್ ಅಡ್ಡ ಕತ್ತರಿಸಿ ನೋಡಿದಾಗ ರೂಟ್ ಪಾಸಿನ ಎರಡು ಬದಿಯಲ್ಲೂ ಸ್ಲ್ಯಾಗ್ ಕಾಣಿಸಿತು. ಮುಂದಿನ ಪಾಸಿನ ಶಾಖಕ್ಕೆ ಅದು ಕರಗಿ ಮೇಲೆ ತೇಲಿ ಬರಬೇಕಲ್ಲವೇ? ಇನ್ನೊಂದು, ಹೆಲ್ಮೆಟ್ ಒಳಗಿನಿಂದ ನೋಡುವಾಗ ಯಾವುದು ಲೋಹ, ಯಾವುದು ಸ್ಲ್ಯಾಗ್ ಎಂದು ಗುರುತಿಸುವುದು ಹೇಗೆ?

ರೂಟ್_ಟು_ಕ್ಯಾಪ್

ಕರಗಿ ಮೇಲೆ ಬರುತ್ತದೆ ಎಂದು ನಂಬಿ ಕೂರಬೇಡಿ. ಸ್ಲ್ಯಾಗಿನ ಸಾಂದ್ರತೆ ಉಕ್ಕಿನ ಅರ್ಧಕ್ಕಿಂತಲೂ ಕಡಿಮೆ, ಹಾಗಾಗಿ ಅದು ತೇಲುವುದು ನಿಜ. ಆದರೆ ತೇಲಲು ಎರಡು ಅನುಕೂಲ ಬೇಕು: ಆರ್ಕ್ (ರಾಡಿನ ತುದಿಯ ವಿದ್ಯುತ್ ಜ್ವಾಲೆ) ಅಂಚಿನ ಸಂದಿಯ ತಳದವರೆಗೂ ಮುಟ್ಟಬೇಕು, ಪೂಲ್ (ಕರಗಿದ ಲೋಹದ ಮಡು) ಗಟ್ಟಿಯಾಗುವ ಮೊದಲು ಮೇಲೆ ಬರುವಷ್ಟು ಸಮಯ ಇರಬೇಕು. ಅಂಚಿನ ಕಿರಿದಾದ ಸಂದಿಯಲ್ಲಿ ಎರಡೂ ಸಿಗುವುದಿಲ್ಲ. ಹೊಸ ಲೋಹ ಸಂದಿಯ ಬಾಯಿ ಮುಚ್ಚುತ್ತದೆ, ಸ್ಲ್ಯಾಗ್ ಒಳಗೇ ಉಳಿಯುತ್ತದೆ. ರೇಡಿಯೋಗ್ರಫಿ (ಎಕ್ಸ್-ರೇಯಂಥ ಪರೀಕ್ಷೆ) ಮಾಡಿಸಿದರೆ ರೂಟಿನ ಎರಡು ಬದಿಗೆ ಸಮಾಂತರವಾಗಿ ಎರಡು ಕಪ್ಪು ಗೆರೆ ಬರುತ್ತವಲ್ಲ, ಅದು ಇದೇ.

ಆ ಸಂದಿ ಹುಟ್ಟುವುದು ಬೀಡಿನ ಆಕಾರದಿಂದ. 10 ಮಿ.ಮೀ. ಪ್ಲೇಟ್ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಅದರ ಮೇಲೆ 3.15 ರಾಡಿಗೆ 90 ಆಂಪಿಯರ್ ಕೊಟ್ಟರೆ ಲೋಹ ಬದಿಗೆ ಹರಿದು ಗೋಡೆಗೆ ಅಂಟುವುದಿಲ್ಲ, ನಡುವೆ ಉಬ್ಬಿ ನಿಲ್ಲುತ್ತದೆ. ಉಬ್ಬಿದ ಬೀಡಿಗೂ ಗ್ರೂವಿನ ಗೋಡೆಗೂ ನಡುವೆ ಚೂಪಾದ ಕಣಿವೆ ಉಳಿಯುತ್ತದೆ, ಸ್ಲ್ಯಾಗ್ ಅಲ್ಲಿ ಹೆಪ್ಪುಗಟ್ಟುತ್ತದೆ. ಈ ರಾಡಿನ ಪ್ಯಾಕೆಟ್ ಮೇಲೆ ಸಾಮಾನ್ಯವಾಗಿ 90ರಿಂದ 130 ಎಂದು ಇರುತ್ತದೆ, ನೀವು ಅದರ ತೀರಾ ಕೆಳತುದಿಯಲ್ಲಿದ್ದೀರಿ. ಫಿಲ್ ಪಾಸಿಗೆ (ರೂಟಿನ ಮೇಲೆ ಗ್ರೂವ್ ತುಂಬುವ ಪಾಸ್) 115ರಿಂದ 120ಕ್ಕೆ ಏರಿಸಿ ನೋಡಿ. ಕೇಬಲ್ ಉದ್ದವಾಗಿದ್ದು ಸಣ್ಣ ಗೇಜ್ ಆಗಿದ್ದರೆ, ಅರ್ಥ್ ಕ್ಲ್ಯಾಂಪ್ ತುಕ್ಕಿನ ಮೇಲೆ ಕೂತಿದ್ದರೆ ಆರ್ಕ್ ಇನ್ನೂ ಸೊರಗುತ್ತದೆ. ಕ್ಲ್ಯಾಂಪ್ ಹಾಕುವ ಜಾಗವನ್ನು ಹೊಳೆಯುವವರೆಗೆ ಉಜ್ಜಿ.

ಗುರುತಿಸುವ ವಿಷಯ. ಆರ್ಕಿನ ಬೆಳಕನ್ನೇ ದಿಟ್ಟಿಸಬೇಡಿ, ಅದರ ಬೆನ್ನಿಗೇ ಇರುವ ಜಾಗ ನೋಡಿ. ಕರಗಿದ ಲೋಹ ಕನ್ನಡಿಯಂತೆ ನಯವಾಗಿ ಇರುತ್ತದೆ. ಸ್ಲ್ಯಾಗ್ ಅದರ ಮೇಲೆ ತೆವಳುತ್ತಾ, ಸುಳಿ ತಿರುಗುತ್ತಾ ಹಿಂದಕ್ಕೆ ಸರಿಯುತ್ತಿರುತ್ತದೆ. ಎರಡರ ನಡುವೆ ಒಂದು ಗೆರೆ ಇದೆ. ಆ ಗೆರೆ ಯಾವಾಗಲೂ ಆರ್ಕಿನ ಹಿಂದೆ ಇರಬೇಕು. ಗೆರೆ ಮಾಯವಾಗಿ ಆರ್ಕಿನ ಸುತ್ತ ಎಲ್ಲವೂ ಕಲಸಿದ ಹಾಗೆ ಕಂಡರೆ ಸ್ಲ್ಯಾಗ್ ಮುಂದಕ್ಕೆ ನುಗ್ಗಿದೆ ಎಂದೇ ಅರ್ಥ, ಆಗ ನೀವು ಲೋಹ ಸುರಿಯುತ್ತಿರುವುದು ಸ್ಲ್ಯಾಗಿನ ಮೇಲೆ. ಹಾಗೆ ಕಂಡ ಕೂಡಲೇ ಆರ್ಕ್ ಗಿಡ್ಡ ಮಾಡಿ, ರಾಡನ್ನು ಇನ್ನಷ್ಟು ವಾಲಿಸಿ, ವೇಗ ಸ್ವಲ್ಪ ಹೆಚ್ಚಿಸಿ. ಆಗಲೂ ಗೆರೆ ಹಿಂದೆ ಸರಿಯದಿದ್ದರೆ ನಿಲ್ಲಿಸಿ, ಚಿಪ್ ಮಾಡಿ, ಆ ಜಾಗ ಗ್ರೈಂಡ್ ಮಾಡಿ ಮತ್ತೆ ಹಾಕಿ.

ರಾಡಿನ ಹೋಲ್ಡರ್ ಕಡೆಯ ತುದಿ ನೀವು ಹೋಗುವ ದಿಕ್ಕಿಗೆ 10ರಿಂದ 20 ಡಿಗ್ರಿ ಬಾಗಿರಲಿ, ಉರಿಯುವ ತುದಿ ಹಿಂದಿನ ಪೂಲಿನತ್ತ ಮುಖ ಮಾಡಿರಲಿ. ಆರ್ಕಿನ ಒತ್ತಡವೇ ಸ್ಲ್ಯಾಗನ್ನು ಹಿಂದಕ್ಕೆ ದೂಡುತ್ತದೆ. ಆರ್ಕ್ ಉದ್ದ ಒಳತಂತಿಯ ದಪ್ಪದಷ್ಟು, ಅಂದರೆ 3 ಮಿ.ಮೀ. ಆಸುಪಾಸು. ಜಾಬ್ ಸ್ವಲ್ಪ ಇಳಿಜಾರಾಗಿದ್ದರೆ ತಗ್ಗಿನಿಂದ ಏರಿನ ಕಡೆಗೆ ಹೋಗಿ, ಇಲ್ಲದಿದ್ದರೆ ಸ್ಲ್ಯಾಗ್ ಹರಿದು ನಿಮಗಿಂತ ಮುಂದೆ ಹೋಗುತ್ತದೆ.

ಬೆವೆಲ್

ಮೇಲಿನದು ಸರಿ, ಆದರೆ ಕರೆಂಟ್ ಏರಿಸುವುದಕ್ಕಿಂತ ಮೊದಲು ಜಾಯಿಂಟ್ ಸರಿಪಡಿಸಬೇಕು ಎಂಬುದು ನನ್ನ ವಾದ. 3.15 ರಾಡ್ ಮೇಲಿನ ಫ್ಲಕ್ಸ್ ಸೇರಿ ಹೊರಗಿನ ದಪ್ಪ ಸುಮಾರು 5 ಮಿ.ಮೀ. ಅದು 50 ಡಿಗ್ರಿ ಗ್ರೂವಿನ ತಳಕ್ಕೆ ಇಳಿಯುವುದೇ ಇಲ್ಲ. ರಾಡ್ ಮೇಲೆಯೇ ತಡೆದು ನಿಂತರೆ ಆರ್ಕ್ ಉದ್ದವಾಗುತ್ತದೆ, ಎಷ್ಟು ಕರೆಂಟ್ ಕೊಟ್ಟರೂ ಮೂಲೆ ಕರಗುವುದಿಲ್ಲ.

ಕೋನವನ್ನು 60 ಡಿಗ್ರಿಗೆ ತೆರೆಯಿರಿ, ಅಂದರೆ ಒಂದೊಂದು ಪ್ಲೇಟಿಗೆ 30. ಗ್ಯಾಪ್ 2.5ರಿಂದ 3, ರೂಟ್ ಫೇಸ್ (ತಳದಲ್ಲಿ ಓರೆ ಮಾಡದೆ ಬಿಡುವ ನೇರ ಅಂಚು) 1.5 ಮಿ.ಮೀ. ರೂಟಿಗೆ 2.5 ಮಿ.ಮೀ. ರಾಡ್, 70ರಿಂದ 80 ಆಂಪಿಯರ್. ಎರಡನೇ ಪಾಸಿನಿಂದ 3.15. ಅಂಚಿನಿಂದ ಕನಿಷ್ಠ 20 ಮಿ.ಮೀ. ಅಗಲಕ್ಕೆ ಮಿಲ್ ಸ್ಕೇಲ್ (ಪ್ಲೇಟ್ ತಯಾರಾಗುವಾಗಲೇ ಕೂರುವ ಕಪ್ಪು ಪದರ), ತುಕ್ಕು, ಪೇಂಟ್ ತೆಗೆಯಿರಿ. ಗ್ಯಾಸ್ ಕಟಿಂಗ್ ಮಾಡಿದ ಅಂಚಾದರೆ ಅದರ ಮೇಲೆ ಕೂತಿರುವ ಕಿಟ್ಟವನ್ನೂ ಗ್ರೈಂಡ್ ಮಾಡಲೇಬೇಕು, ಅದು ವೆಲ್ಡಿನ ಸ್ಲ್ಯಾಗ್ ಜೊತೆ ಬೆರೆತು ಅಂಚಿಗೆ ಇನ್ನೂ ಗಟ್ಟಿಯಾಗಿ ಅಂಟುತ್ತದೆ.

ಡಿಸ್ಕ್_ಮತ್ತು_ಬ್ರಷ್

ಕ್ಲೀನಿಂಗ್ ಬಗ್ಗೆ ವಿವರವಾಗಿ ಬರೆಯುತ್ತೇನೆ. ಎಲ್ಲರೂ ಅವಸರ ಮಾಡುವುದು ಇಲ್ಲೇ.

ಸ್ಲ್ಯಾಗ್ ಕೆಂಪಗಿರುವಾಗ ಹೊಡೆಯಬೇಡಿ. ಆಗ ಅದು ಅಂಟಂಟಾಗಿ ಹರಡುತ್ತದೆ, ಜೊತೆಗೆ ಬಿಸಿ ಬೀಡಿಗೆ ಸಿಗಬೇಕಾದ ಹೊದಿಕೆಯೂ ಹೋಗುತ್ತದೆ. ಕಪ್ಪಾಗಿ, ಚಿಟಿಚಿಟಿ ಸದ್ದು ನಿಂತ ಮೇಲೆ ಹೊಡೆಯಿರಿ. ಲೋಹ ಮತ್ತು ಸ್ಲ್ಯಾಗ್ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ, ಬೀಡ್ ಸರಿಯಾಗಿದ್ದರೆ ಇ6013ರ ಸ್ಲ್ಯಾಗ್ ಎಷ್ಟೋ ಸಲ ತಾನಾಗಿಯೇ ಸಿಡಿದು ಏಳುತ್ತದೆ. ಆದ್ದರಿಂದ ತಣಿಯುವಾಗ ಹತ್ತಿರ ಬಾಗಿ ನೋಡಲೇಬಾರದು. ಬದಿ ಮುಚ್ಚಿದ ಕನ್ನಡಕ ಹೆಲ್ಮೆಟ್ ಒಳಗೂ ಇರಲಿ, ಅದು ಎತ್ತಿದಾಗಲೂ ಇರಲಿ. ಸ್ಲ್ಯಾಗ್ ಚೂರು ಗಾಜಿನ ಚೂರಿನಂತೆ ಚೂಪು, ಮೇಲಾಗಿ ಬಿಸಿ.

ಚಿಪ್ಪಿಂಗ್ ಹ್ಯಾಮರಿನ ಉಳಿಯಂಥ ಬಾಯನ್ನು ಬೀಡಿನ ಉದ್ದಕ್ಕೆ ಓರೆಯಾಗಿ, ನಿಮ್ಮ ಮುಖದಿಂದ ಆಚೆಗೆ ಹೋಗುವಂತೆ ಬಡಿಯಿರಿ. ನೇರ ಮೇಲಿನಿಂದ ಕುಟ್ಟಿದರೆ ಸ್ಲ್ಯಾಗ್ ಪುಡಿಯಾಗಿ ಕಣಿವೆಯೊಳಗೇ ಜಡಿದು ಕೂರುತ್ತದೆ, ಬೀಡಿನ ಮೇಲೂ ಗುಳಿ ಬೀಳುತ್ತದೆ. ಅಂಚಿಗೆ ಚೂಪು ಮೊನೆಯ ಕಡೆ ಬಳಸಿ. ಬಿಟ್ಟ ಸ್ಲ್ಯಾಗಿನ ತುಂಡು ತಣ್ಣಗಾದ ಮೇಲೆ ತಿರುಗಿಸಿ ನೋಡಿ: ಒಳಮೈ ನಯವಾಗಿ ಬೀಡಿನ ಅಲೆಗಳ ಅಚ್ಚು ಹೊತ್ತಿದ್ದರೆ ಒಳ್ಳೆಯದು. ಸೂಜಿ ಚುಚ್ಚಿದ ಹಾಗೆ ತೂತುಗಳಿದ್ದರೆ ಗ್ಯಾಸ್ ಹೊರಬಂದಿದೆ, ರಾಡ್ ತೇವವೋ ಪ್ಲೇಟ್ ಕೊಳಕೋ ಎಂದು ಹುಡುಕಿ.

ಅಂಚಿನ ಗೆರೆ ಬ್ರಷ್‌ಗೆ ಬರದಿದ್ದರೆ ಬ್ರಷ್ ಉಜ್ಜಿ ಹೊಳಪು ಬರಿಸಿ ಸಮಾಧಾನಪಡಬೇಡಿ. ಆ ಹೊಳಪು ಮೇಲಿನದು ಮಾತ್ರ, ಕೆಳಗೆ ಸ್ಲ್ಯಾಗ್ ಇದ್ದೇ ಇರುತ್ತದೆ. ಪೈಪ್ ಕೆಲಸದವರು ಬಳಸುವ ಸುಮಾರು 3 ಮಿ.ಮೀ. ದಪ್ಪದ ಗ್ರೈಂಡಿಂಗ್ ಡಿಸ್ಕಿನಿಂದ ಎರಡೂ ಕಣಿವೆ ತೆರೆದು, ಉಬ್ಬಿದ ನಡುವನ್ನೂ ತಗ್ಗಿಸಿ, ಗ್ರೂವಿನ ತಳ ಯು ಆಕಾರಕ್ಕೆ ಬರುವಂತೆ ಮಾಡಿ. 1 ಮಿ.ಮೀ. ಕಟಿಂಗ್ ಡಿಸ್ಕನ್ನು ಪಕ್ಕಕ್ಕೆ ಒತ್ತಿ ಈ ಕೆಲಸ ಮಾಡಬಾರದು, ಅದು ಪಕ್ಕದ ಒತ್ತಡ ತಾಳದೆ ಒಡೆದು ಹಾರುತ್ತದೆ.

ಈಗಾಗಲೇ ಒಳಗೆ ಸಿಕ್ಕಿಕೊಂಡಿದ್ದರೆ ಗ್ರೈಂಡ್ ಮಾಡಿ ತೆಗೆಯುವುದೊಂದೇ ದಾರಿ. ಕಪ್ಪು ಗೆರೆ ಪೂರ್ತಿ ಮಾಯವಾದ ಮೇಲೂ ಸ್ವಲ್ಪ ಆಳಕ್ಕೆ ಹೋಗಿ. ಗುಂಡಿಯ ಎರಡೂ ತುದಿ ದೋಣಿಯಂತೆ ಇಳಿಜಾರಾಗಿರಲಿ. ಕಡಿದಾದ ಗೋಡೆ ಬಿಟ್ಟರೆ ರಿಪೇರಿ ಪಾಸಿನಲ್ಲಿ ಅದೇ ಮೂಲೆಯಲ್ಲಿ ಮತ್ತೆ ಸ್ಲ್ಯಾಗ್ ಸಿಗುತ್ತದೆ.

ಹೊಸ_ಹೋಲ್ಡರ್

ತುಂಬಾ ಧನ್ಯವಾದ ಸರ್. 60 ಡಿಗ್ರಿ, ರೂಟಿಗೆ 2.5 ರಾಡ್, ಫಿಲ್ಲಿಗೆ 118 ಆಂಪಿಯರ್ ಇಟ್ಟ ಮೇಲೆ ಅಂಚಿನ ಗೆರೆ ಬಹುತೇಕ ಇಲ್ಲ. ಈಗ ಉಳಿದಿರುವುದು ರಾಡ್ ಬದಲಿಸಿ ಮತ್ತೆ ಶುರು ಮಾಡುವ ಜಾಗ, ಅಲ್ಲಿ ಪ್ರತಿ ಸಲ ಒಂದು ಕಪ್ಪು ಚುಕ್ಕೆ. ಮುಂದೆ ಇದೇ ಜಾಯಿಂಟನ್ನು ಇ7018 ಎಂಬ ಇನ್ನೊಂದು ಬಗೆಯ ರಾಡಿನಲ್ಲಿ, ವರ್ಟಿಕಲ್ ಆಗಿ (ಪ್ಲೇಟ್ ನಿಲ್ಲಿಸಿ) ಹಾಕಬೇಕು. ಅದಕ್ಕೆ ಏನು ಬದಲಿಸಬೇಕು?

ರೂಟ್_ಟು_ಕ್ಯಾಪ್

ರೀಸ್ಟಾರ್ಟ್: ಹಿಂದಿನ ರಾಡ್ ನಿಂತ ಜಾಗದ ಕುಳಿಯ ಸ್ಲ್ಯಾಗ್ ಪೂರ್ತಿ ತೆಗೆದು ಬ್ರಷ್ ಮಾಡಿ, ಹಿಂದಿನ ಬೀಡಿನ ಮೇಲೂ ಒಂದು 15 ಮಿ.ಮೀ. ಸ್ವಚ್ಛ ಮಾಡಿ. ಕುಳಿಗಿಂತ 10ರಿಂದ 15 ಮಿ.ಮೀ. ಮುಂದೆ, ಗ್ರೂವಿನ ಒಳಗೇ ಆರ್ಕ್ ಹೊತ್ತಿಸಿ, ಬೇಗ ಹಿಂದಕ್ಕೆ ಬಂದು, ಕುಳಿ ತುಂಬುವವರೆಗೆ ಕ್ಷಣಕಾಲ ತಡೆದು, ನಂತರ ಮುಂದೆ ಹೋಗಿ. ಹೊತ್ತಿಸಿದ ಗುರುತು ಹೊಸ ಬೀಡಿನಡಿ ಕರಗಿ ಹೋಗುತ್ತದೆ. ರಾಡ್ ಮುಗಿಸುವಾಗಲೂ ತಟಕ್ಕನೆ ಎಳೆಯದೆ ಸ್ವಲ್ಪ ಹಿಂದಕ್ಕೆ ಬಂದು ಕುಳಿ ತುಂಬಿ ಎತ್ತಿ.

ಇ7018: ಡಿಸಿ ಪಾಸಿಟಿವ್ (ರಾಡ್ ಹೋಲ್ಡರ್ ಪ್ಲಸ್ ಕಡೆಗೆ). ಆರ್ಕ್ ಇ6013ಕ್ಕಿಂತ ಗಿಡ್ಡ, ಹೆಚ್ಚುಕಡಿಮೆ ಪೂಲಿಗೆ ತಾಗುವಷ್ಟು ಹತ್ತಿರ. ಉದ್ದವಾದರೆ ತಕ್ಷಣ ಬೀಡಿನಲ್ಲಿ ಗ್ಯಾಸ್ ತೂತು ಬೀಳುತ್ತದೆ. ಅರ್ಧ ಉರಿದ ರಾಡಿನ ತುದಿಗೆ ಗಾಜಿನಂಥ ಸ್ಲ್ಯಾಗ್ ಮುಚ್ಚಿಕೊಳ್ಳುತ್ತದೆ, ಅದನ್ನು ಫೈಲ್ ಮೇಲೆ ಮೆಲ್ಲಗೆ ಉಜ್ಜಿ ತೆಗೆಯಿರಿ. ಜೋರಾಗಿ ಕುಕ್ಕಿದರೆ ಸುತ್ತಲಿನ ಫ್ಲಕ್ಸ್ ಉದುರಿ ಆರಂಭದಲ್ಲೇ ಲೋಹ ಬೆತ್ತಲಾಗುತ್ತದೆ. ಪ್ಯಾಕೆಟ್ ತೆರೆದು ಇಟ್ಟ ರಾಡನ್ನು ತಯಾರಕರು ಹೇಳಿದ ತಾಪಕ್ಕೆ, ಬಹಳ ಕಡೆ ಅದು 300ರಿಂದ 350 ಡಿಗ್ರಿ ಸೆಲ್ಸಿಯಸ್, ಓವನ್ನಿನಲ್ಲಿ ಬೇಯಿಸಿ. ಇ6013ಕ್ಕೆ ಅಷ್ಟು ಶಾಖ ಕೊಡಬೇಡಿ, ಅದರ ಫ್ಲಕ್ಸಿಗೆ ಸ್ವಲ್ಪ ತೇವ ಬೇಕೇ ಬೇಕು.

ವರ್ಟಿಕಲ್: ಕೆಳಗಿನಿಂದ ಮೇಲಕ್ಕೆ ಮಾತ್ರ. ಮೇಲಿನಿಂದ ಇಳಿದರೆ ಸ್ಲ್ಯಾಗ್ ಪೂಲಿಗಿಂತ ಮೊದಲು ಜಾರುತ್ತದೆ. ಫ್ಲಾಟ್‌ಗಿಂತ ಕರೆಂಟ್ 10ರಿಂದ 15 ಶೇಕಡಾ ಇಳಿಸಿ. ಇಲ್ಲಿ ರಾಡಿನ ಓರೆಯೂ ತಿರುಗುತ್ತದೆ: ಉರಿಯುವ ತುದಿ ತುಸು ಮೇಲ್ಮುಖವಾಗಿರಲಿ. ಬದಿಗಳಲ್ಲಿ ಒಂದು ಕ್ಷಣ ನಿಂತು ನಡುವನ್ನು ಬೇಗ ದಾಟಿ, ಅಲ್ಲಾಡಿಸುವ ಅಗಲ ಒಳತಂತಿಯ ದಪ್ಪದ ಎರಡು-ಮೂರು ಪಟ್ಟು ಮೀರಬೇಡಿ. ಅದಕ್ಕಿಂತ ಅಗಲ ಬೇಕಾದರೆ ಎರಡು ಬೀಡ್ ಹಾಕಿ.

ಡಿಸ್ಕ್_ಮತ್ತು_ಬ್ರಷ್

ಇನ್ನೊಂದು ಸೇರಿಸುತ್ತೇನೆ: ಜಾಬ್ ಸತು ಲೇಪಿಸುವ ಗ್ಯಾಲ್ವನೈಸಿಂಗ್‌ಗೆ ಹೋಗುವುದಾದರೆ ಕ್ಯಾಪಿನ ಸ್ಲ್ಯಾಗ್ ಕೂಡ ಚುಕ್ಕೆಯಷ್ಟೂ ಉಳಿಯಬಾರದು. ಅಲ್ಲಿನ ಆಸಿಡ್ ತೊಟ್ಟಿ ಸ್ಲ್ಯಾಗನ್ನು ಕರಗಿಸುವುದಿಲ್ಲ, ಆ ಜಾಗಕ್ಕೆ ಸತು ಹತ್ತದೆ ಬೋಳಾಗಿ ಬರುತ್ತದೆ. ಪೇಂಟ್ ಆದರೆ, ಇ7018ರ ಸ್ಲ್ಯಾಗ್ ಕ್ಷಾರೀಯವಾದ್ದರಿಂದ ಉಳಿದ ಪುಡಿಯ ಮೇಲೆ ಪೇಂಟ್ ಗುಳ್ಳೆ ಎದ್ದು ಬಿಡುತ್ತದೆ. ಚಿಪ್ ಮಾಡಿ, ಬ್ರಷ್ ಮಾಡಿ, ನೀರಿನಿಂದ ಒರೆಸಿ, ಒಣಗಿಸಿ, ಆಮೇಲೆ ಪ್ರೈಮರ್. ಎಂಐಜಿ (ರಾಡ್ ಬದಲು ಗ್ಯಾಸಿನ ರಕ್ಷಣೆಯಲ್ಲಿ ವೈರ್ ಕರಗಿಸುವ ವೆಲ್ಡಿಂಗ್) ಸಾಲಿಡ್ ವೈರಿನಲ್ಲಿ ಫ್ಲಕ್ಸ್ ಇಲ್ಲದಿದ್ದರೂ ಬೀಡಿನ ಮೇಲೆ ಕಂದು ಗಾಜಿನಂಥ ಚುಕ್ಕೆಗಳು ಬರುತ್ತವೆ. ವೈರಿನ ಸಿಲಿಕಾನ್ ಮತ್ತು ಮ್ಯಾಂಗನೀಸ್ ಆಕ್ಸಿಜನ್ ಜೊತೆ ಸೇರಿ ಆಗುವಂಥವು ಅವು. ಮುಂದಿನ ಪಾಸಿಗೂ ಪೇಂಟಿಗೂ ಮೊದಲು ಅವನ್ನೂ ಮೊನೆಯಿಂದ ಎಬ್ಬಿಸಿ ತೆಗೆಯಿರಿ.