ನಾಲ್ಕು ವರ್ಷದ ಮಕ್ಕಳಿಗೆ ಕಲ್ಲು, ಮಣ್ಣು ತೋರಿಸುವುದು ಹೇಗೆ?

ಹಸಿಮಣ್ಣು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಪ್ರೀಸ್ಕೂಲಿನಲ್ಲಿ ಕಲಿಸುತ್ತೇನೆ. ಮೂರೂವರೆಯಿಂದ ಐದು ವರ್ಷದ ಹದಿನಾರು ಮಕ್ಕಳಿದ್ದಾರೆ. ಮುಂದಿನ ವಾರದ ವಿಷಯ ಕಲ್ಲು ಮತ್ತು ಮಣ್ಣು. ನನಗೆ ಕೊಟ್ಟಿರುವ ಹಾಳೆಯಲ್ಲಿ ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಅಂತ ಮೂರು ಚಿತ್ರ ಇವೆ. ಮಕ್ಕಳು ಅದಕ್ಕೆ ಬಣ್ಣ ತುಂಬಬೇಕಂತೆ. ಕಲ್ಲಿನ ಚಿತ್ರಕ್ಕೆ ಬಣ್ಣ ತುಂಬಿದರೆ ಕಲ್ಲಿನ ಬಗ್ಗೆ ಏನು ತಿಳಿಯುತ್ತದೆ, ನೀವೇ ಹೇಳಿ.

ಕೈ ಹಾಕಿ ಮಾಡುವ ಕೆಲಸ ಬೇಕು ನನಗೆ. ನಮ್ಮಲ್ಲಿ ಚಿಕ್ಕ ಅಂಗಳ ಇದೆ, ಒಂದು ನಲ್ಲಿ ಇದೆ, ಸಹಾಯಕ್ಕೆ ಒಬ್ಬರಿದ್ದಾರೆ. ಒಂದು ಮಗು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತದೆ. ಇನ್ನಿಬ್ಬರು ಮಣ್ಣು ಕಂಡರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ. ಮನೆಯಲ್ಲಿ ಬೋರ್ಡಿನ ಚಾಕ್‌ಪೀಸ್ ಮೇಲೆ ವಿನೆಗರ್ ಹಾಕಿ ನೋಡಿದೆ. ನೊರೆ ಬರುತ್ತದೆ ಅಂತ ಓದಿದ್ದೆ, ಏನೂ ಬರಲಿಲ್ಲ. ಯಾಕೆ?

ಕಿಟಕಿಪಕ್ಕ ಬರೆದದ್ದು:

ಆ ಹಾಳೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ. ಈ ವಯಸ್ಸಿನ ಮಕ್ಕಳ ಜೊತೆಗೇ ನನ್ನ ಕೆಲಸದ ಬಹುಪಾಲು ವರ್ಷ ಕಳೆದಿವೆ, ಹಾಗಾಗಿ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಆ ಮೂರು ಹೆಸರು ನಿಂತಿರುವುದು ಕಲ್ಲು ಹೇಗೆ ಹುಟ್ಟಿತು ಎಂಬುದರ ಮೇಲೆ. ಹುಟ್ಟಿದ್ದು ಕಣ್ಣಿಗೆ ಕಾಣುವುದಿಲ್ಲ. ಲಕ್ಷ, ಕೋಟಿ ವರ್ಷಗಳ ಮಾತು ಅದು. ಹೋದ ವಾರ ಆದದ್ದನ್ನೂ ‘ನಿನ್ನೆ’ ಎನ್ನುವ ಮಗುವಿಗೆ ಅದನ್ನು ಹೇಳಿ ಏನು ಮಾಡುತ್ತೀರಿ? ಬಾಯಿಪಾಠ ಮಾಡಿಸಬಹುದು. ಆಮೇಲೆ ಕೈಗೊಂದು ಕಲ್ಲು ಕೊಟ್ಟು ಇದು ಯಾವುದು ಅಂದರೆ ನಿಮ್ಮ ಮುಖ ನೋಡುತ್ತದೆ.

ನನ್ನ ಪ್ರಕಾರ ಈ ವಾರಕ್ಕೆ ಬೇಕಾದದ್ದು ಇಷ್ಟೇ: ಮಗುವಿಗೊಂದು ಕಲ್ಲು. ಬುಟ್ಟಿ ತುಂಬಾ ಮಾದರಿಗಳಲ್ಲ. ಅಂಗಳದಲ್ಲಿ ತಾನೇ ಆರಿಸಿದ, ತನ್ನ ಮುಷ್ಟಿಯಷ್ಟು ದೊಡ್ಡ, ವಾರವಿಡೀ ತನ್ನದೇ ಆದ ಒಂದು ಕಲ್ಲು. ‘ಕಲ್ಲುಗಳು’ ಅಂದರೆ ಮಗುವಿಗೆ ಏನೂ ಅಲ್ಲ. ‘ನನ್ನ ಕಲ್ಲು’ ಅಂದರೆ ನೋಡುತ್ತದೆ.

ಮೊದಲ ದಿನ ಬೇರೇನೂ ಬೇಡ. ಕಣ್ಣು ಮುಚ್ಚಿ ಮುಟ್ಟಲಿ. ಕೆನ್ನೆಗೆ ಇಟ್ಟುಕೊಳ್ಳಲಿ, ನೆರಳಲ್ಲಿದ್ದ ಕಲ್ಲು ತಣ್ಣಗಿರುತ್ತದೆ. (ಕಲ್ಲು ನಮ್ಮ ಚರ್ಮದ ಬಿಸಿಯನ್ನು ಬೇಗ ಎಳೆದುಕೊಳ್ಳುವುದರಿಂದ ಹಾಗೆ ಅನಿಸುತ್ತದೆ. ಪಕ್ಕದಲ್ಲೇ ಇದ್ದ ಮರದ ತುಂಡು ಅಷ್ಟು ತಣ್ಣಗಿರುವುದಿಲ್ಲ. ಎರಡನ್ನೂ ಕೊಟ್ಟು ನೋಡಿ.) ಕಿವಿಯ ಹತ್ತಿರ ಎರಡು ಕಲ್ಲು ತಟ್ಟಲಿ. ಆಮೇಲೆ ಎಲ್ಲ ಕಲ್ಲು ಒಟ್ಟುಗೂಡಿಸಿ, ಬಟ್ಟೆ ಮುಚ್ಚಿ, ಕಲಸಿ ‘ನಿನ್ನದು ಯಾವುದು?’ ಅಂತ ಕೇಳಿ. ಹುಡುಕಿ ತೆಗೆದಾಗ ‘ಹೇಗೆ ಗೊತ್ತಾಯಿತು?’ ಅನ್ನಿ. ಇಡೀ ವಾರದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ‘ಇಲ್ಲಿ ಮೂಗು ಇದೆ’, ‘ಬಿಳಿ ಗೆರೆ ಇದೆ’, ‘ಚುಚ್ಚುತ್ತೆ’ ಅಂತ ಬರುತ್ತದೆ ನೋಡಿ.

ಮರುದಿನ ನೀರು. ಬೋಗುಣಿ, ಹಳೇ ಬ್ರಷ್ ಸಾಕು. ತೊಳೆದ ತಕ್ಷಣ ಕಲ್ಲಿನ ಬಣ್ಣ ಗಾಢವಾಗುತ್ತದೆ, ಇಲ್ಲದ ಗೆರೆಗಳು ಎದ್ದು ಬರುತ್ತವೆ. ಒಣಗಿದ ಒರಟು ಮೈ ಬೆಳಕನ್ನು ಎಲ್ಲ ಕಡೆ ಚೆದುರಿಸುತ್ತದೆ. ನೀರು ಆ ತಗ್ಗುಗಳನ್ನು ತುಂಬಿದಾಗ ಚೆದುರುವುದು ಕಡಿಮೆ. ಇದು ನಿಮಗೆ ಗೊತ್ತಿದ್ದರೆ ಸಾಕು, ಮಕ್ಕಳಿಗೆ ಹೇಳಬೇಕಿಲ್ಲ. ಮುಳುಗಿಸಿದಾಗ ಕೆಲವು ಕಲ್ಲಿನಿಂದ ಸಣ್ಣ ಗುಳ್ಳೆ ಬರುತ್ತದೆ, ಕೆಲವದರಿಂದ ಬರುವುದಿಲ್ಲ. ಗುಳ್ಳೆ ಬಿಟ್ಟ ಕಲ್ಲಿನೊಳಗೆ ಸಣ್ಣ ತೂತುಗಳಿವೆ. ಬಿಸಿಲಿಗಿಟ್ಟರೆ ಹೆಚ್ಚಾಗಿ ಅದೇ ನಿಧಾನವಾಗಿ ಒಣಗುತ್ತದೆ. ಹಿಮ್ಮಡಿ ಉಜ್ಜುವ ಪ್ಯೂಮಿಸ್ ಕಲ್ಲು ಇದ್ದರೆ ಕೊನೆಗೆ ನೀರಿಗೆ ಹಾಕಿ. ತೇಲುತ್ತದೆ. ಆದರೆ ಕೆಲವು ಕೃತಕವಾಗಿರುತ್ತವೆ, ಮೊದಲು ನೀವೇ ನೋಡಿಕೊಳ್ಳಿ.

ವಿಂಗಡಿಸುವ ಆಟದಲ್ಲಿ ದಯವಿಟ್ಟು ‘ದೊಡ್ಡದು ಇಲ್ಲಿ, ಚಿಕ್ಕದು ಅಲ್ಲಿ’ ಅಂತ ಹೇಳಬೇಡಿ. ನೆಲದ ಮೇಲೆ ಹಗ್ಗದಿಂದ ಎರಡು ಸುತ್ತು ಮಾಡಿಟ್ಟು ಸುಮ್ನೆ ಕೂತುಬಿಡಿ. ನನ್ನ ಹತ್ತಿರ ಒಂದು ಮಗು ‘ಉರುಳುವುದು’ ಮತ್ತು ‘ಹಟಮಾರಿ’ ಅಂತ ಎರಡು ಗುಂಪು ಮಾಡಿತ್ತು. ಹರಿಯುವ ನೀರಿನಲ್ಲಿ ಉರುಳಿ ಮೂಲೆ ಸವೆದ ಕಲ್ಲು ಒಂದು ಕಡೆ, ಮೊನ್ನೆ ಮೊನ್ನೆ ಒಡೆದ ಚೂಪುಗಲ್ಲು ಇನ್ನೊಂದು ಕಡೆ. ಭೂವಿಜ್ಞಾನದವರೂ ಇದನ್ನೇ ನೋಡುತ್ತಾರೆ, ಅಲ್ವಾ?

ಇನ್ನು ಮಣ್ಣಿಗೆ ಹೋಗುವ ದಾರಿ. ಹೆಚ್ಚಿನವರು ಇಲ್ಲಿ ಎಡವುತ್ತಾರೆ: ಸೋಮವಾರ ಕಲ್ಲು, ಬುಧವಾರ ಮಣ್ಣು, ಎರಡಕ್ಕೂ ಸಂಬಂಧವೇ ಇಲ್ಲದ ಹಾಗೆ. ಕಪ್ಪು ಕಾಗದ ಹಾಸಿ. ಎರಡು ಮೆದು ಕಲ್ಲುಗಳನ್ನು ಅದರ ಮೇಲೆ ಉಜ್ಜಲು ಕೊಡಿ. ಉಗುರಿನಿಂದ ಗೀಚಿದರೆ ಗೆರೆ ಬೀಳುವಂಥ ಕಲ್ಲು ಸಿಕ್ಕರೆ ಒಳ್ಳೆಯದು. (1812ರಲ್ಲಿ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ ಗಡಸುತನಕ್ಕೆ 1ರಿಂದ 10ರ ಅಳತೆ ಕೊಟ್ಟ, 1 ಅಂದರೆ ತೀರಾ ಮೆದು, 10 ಅಂದರೆ ತೀರಾ ಗಡಸು. ಅದರಲ್ಲಿ ಉಗುರು ಸುಮಾರು 2.5.) ಕಾಗದದ ಮೇಲೆ ಪುಡಿ ಬೀಳುತ್ತದೆ. ಮಕ್ಕಳಿಗೆ ಅದು ದೊಡ್ಡ ಸುದ್ದಿ, ಕಲ್ಲಿನಿಂದ ಪುಡಿ ಬಂತು! ಆ ಪುಡಿಯ ಪಕ್ಕ ಅಂಗಳದ ಒಂದು ಚಮಚ ಮಣ್ಣು ಸುರಿದು ಭೂತಗನ್ನಡಿ ಕೊಡಿ. ಎರಡೂ ಒಂದೇನಾ? ಮಣ್ಣಿನಲ್ಲಿ ಪುಡಿಯ ಜೊತೆ ಬೇರಿನ ಎಳೆ ಇದೆ, ಕೊಳೆತ ಎಲೆಯ ಚೂರು ಇದೆ, ಒಂದು ಕಾಲು ಮುರಿದ ಹುಳು ಇದೆ. ವ್ಯತ್ಯಾಸವನ್ನು ಮಕ್ಕಳೇ ಹೇಳುತ್ತಾರೆ. ಒಂದು ಸೆಂಟಿಮೀಟರ್ ಮಣ್ಣು ಆಗಲು ಸಾಮಾನ್ಯವಾಗಿ ನೂರಾರು ವರ್ಷ ಬೇಕು. ಅದನ್ನು ಅವರು ದೊಡ್ಡವರಾದ ಮೇಲೆ ಓದಿಕೊಳ್ಳಲಿ.

ಬಾಯಿಗೆ ಹಾಕುವ ಮಗುವಿನ ವಿಷಯ: ಮುಷ್ಟಿಗಿಂತ ಚಿಕ್ಕ ಕಲ್ಲು ಅಂಗಳದ ಆ ಭಾಗದಲ್ಲೇ ಇರಬಾರದು. ಆಟಿಕೆ ಪರೀಕ್ಷಿಸುವವರು ಸುಮಾರು 3.2 ಸೆಂ.ಮೀ. ಅಗಲದ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವುದು ಗಂಟಲಿಗೂ ಇಳಿಯಬಹುದು. ಮುಷ್ಟಿ ಗಾತ್ರ ಅಂದದ್ದು ಅದಕ್ಕೇ.

ಲ್ಯಾಬ್‌ಮನುಷ್ಯ ಬರೆದದ್ದು:

ನನ್ನದು ಮಣ್ಣು ಪರೀಕ್ಷೆಯ ಕೆಲಸ, ಮಕ್ಕಳ ವಿಷಯ ನನಗೆ ತಿಳಿಯದು. ಚಾಕ್‌ಪೀಸ್ ಪ್ರಶ್ನೆಗೆ ಮಾತ್ರ ಉತ್ತರ ಕೊಡೋಣ ಅಂತ ಬಂದೆ. ಬೋರ್ಡಿನ ಚಾಕ್‌ಪೀಸ್ ಎಷ್ಟೋ ಸಲ ಜಿಪ್ಸಮ್ ಆಗಿರುತ್ತದೆ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದಕ್ಕೆ ವಿನೆಗರ್ ಏನೂ ಮಾಡುವುದಿಲ್ಲ. ನೊರೆ ಬರುವುದು ಕ್ಯಾಲ್ಸಿಯಂ ಕಾರ್ಬೊನೇಟ್ ಇದ್ದರೆ: ಸುಣ್ಣದಕಲ್ಲು, ಅಮೃತಶಿಲೆ, ಕಪ್ಪೆಚಿಪ್ಪು, ಮೊಟ್ಟೆಯ ಚಿಪ್ಪು. ಬರುವ ಗುಳ್ಳೆ ಇಂಗಾಲದ ಡೈಆಕ್ಸೈಡ್. ಅಮೃತಶಿಲೆ ನಿಧಾನ, ಒಂದು ಕಡೆ ಕೆರೆದು ಪುಡಿ ಮಾಡಿ ಅದರ ಮೇಲೆ ಹಾಕಿ. ವಿನೆಗರ್ ಹನಿ ಹಾಕುವ ಕೆಲಸ ನಿಮ್ಮದು, ಮಕ್ಕಳದ್ದಲ್ಲ.

ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ಪಾರದರ್ಶಕ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಮೇಲೆ ಹೆಚ್ಚುಕಡಿಮೆ ಬಾಯಿಯವರೆಗೆ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ. ಆ ಹನಿ ಇದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದು ಕಡಿಮೆ. ಮುಚ್ಚಳ ಬಿಗಿದು ಮಕ್ಕಳು ಸರದಿಯಲ್ಲಿ ಅಲ್ಲಾಡಿಸಲಿ, ಆಮೇಲೆ ಯಾರೂ ಮುಟ್ಟದ ಕಡೆ ಇಡಿ. ಮರಳು ಸುಮಾರು ಒಂದು ನಿಮಿಷದೊಳಗೆ ತಳಕ್ಕೆ ಕೂರುತ್ತದೆ. ರೇವೆಗೆ (ಮರಳಿಗಿಂತ ನಯ, ಜೇಡಿಗಿಂತ ದಪ್ಪ ಕಣ) ಒಂದೆರಡು ಗಂಟೆ ಬೇಕು. ಜೇಡಿ ಒಂದು ದಿನ ತೆಗೆದುಕೊಳ್ಳಬಹುದು, ಕೆಲವು ಮಣ್ಣಿನಲ್ಲಿ ಇನ್ನೂ ಜಾಸ್ತಿ. ಕಡ್ಡಿ, ಎಲೆ ಮೇಲೆ ತೇಲುತ್ತವೆ. ಬೆಳಿಗ್ಗೆ ಮೊದಲ ಕೆಲಸವಾಗಿ ಇದನ್ನೇ ಮಾಡಿ, ಮನೆಗೆ ಹೋಗುವ ಮುಂಚೆ ಒಂದು ಸಲ, ಮರುದಿನ ಒಂದು ಸಲ ಬಾಟಲಿಯ ಹೊರಗೆ ಪೆನ್ನಿನಿಂದ ಗೆರೆ ಎಳೆಯಿರಿ. ಮರಳಿನ ಕಣ 2 ಮಿ.ಮೀ.ವರೆಗೆ ಇರಬಹುದು. ಜೇಡಿಯದು 0.002 ಮಿ.ಮೀ.ಗಿಂತ ಚಿಕ್ಕದು, ನಿಮ್ಮ ಭೂತಗನ್ನಡಿಗೆ ಸಿಗುವುದೇ ಇಲ್ಲ. ಬೆರಳಿಗೆ ಮಾತ್ರ ಸಿಗುತ್ತದೆ: ಒದ್ದೆ ಮಾಡಿ ಉಜ್ಜಿದರೆ ಮರಳು ಗರಗರ, ರೇವೆ ಟಾಲ್ಕಂ ಪೌಡರಿನ ಹಾಗೆ, ಜೇಡಿ ಅಂಟು. ಹೆಬ್ಬೆರಳಿನಿಂದ ತಳ್ಳಿದರೆ ಜೇಡಿ ಉದ್ದ ಪಟ್ಟಿಯಾಗಿ ಬರುತ್ತದೆ, ಮರಳು ಉದುರಿಹೋಗುತ್ತದೆ.

ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಒಣ ಮರಳಿನಲ್ಲಿ ಆಡಿಸಿ. ಹಲವು ಕಡೆಯ ಮರಳಿನಲ್ಲಿ ಕಪ್ಪು ಕಣಗಳು ಚೀಲಕ್ಕೆ ಅಂಟುತ್ತವೆ, ಬಹುತೇಕ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ. ಚೀಲದಿಂದ ಅಯಸ್ಕಾಂತ ತೆಗೆದರೆ ಎಲ್ಲ ಉದುರುತ್ತದೆ. ಚೀಲ ಇಲ್ಲದೆ ಮಾಡಿದರೆ ಅದನ್ನು ಕೀಳುತ್ತಾ ಕೂರಬೇಕು. ದೊಡ್ಡ ಅಯಸ್ಕಾಂತ ತೆಗೆದುಕೊಳ್ಳಿ, ನುಂಗುವಷ್ಟು ಚಿಕ್ಕದು ಮಕ್ಕಳ ಹತ್ತಿರ ಬರಲೇಬಾರದು.

ಎಚ್ಚರಿಕೆ ಕೆಲವೇ ಸಾಲು. ಬೆಕ್ಕು ನಾಯಿ ಗಲೀಜು ಮಾಡುವ ಜಾಗದ್ದು, ರಸ್ತೆ ಅಂಚಿನದ್ದು, ಹಳೇ ಪೇಂಟ್ ಉದುರಿದ ಗೋಡೆ ಬುಡದ್ದು, ಈ ಮಣ್ಣು ಬೇಡ. ಒಣ ಮಣ್ಣಿಗೆ ಮೊದಲು ನೀರು ಚಿಮುಕಿಸಿ, ಧೂಳು ಒಳಗೆ ಹೋಗಬಾರದು. ಕೊನೆಗೆ ಸೋಪು ಹಚ್ಚಿ ಕೈ ತೊಳೆಸಿ. ಮಕ್ಕಳೆದುರು ಸುತ್ತಿಗೆಯಿಂದ ಕಲ್ಲು ಒಡೆಯಬೇಡಿ, ಚೂರು ಕಣ್ಣಿಗೆ ಹಾರುತ್ತದೆ.

ಅವಳಿಮಕ್ಕಳಪ್ಪ ಬರೆದದ್ದು:

ಕೈ ಹಿಂದಕ್ಕೆ ಕಟ್ಟಿಕೊಳ್ಳುವ ಮಗು ನಮ್ಮನೆಯಲ್ಲೂ ಒಂದಿದೆ. ಇನ್ನೊಂದು ಮಣ್ಣಿನಲ್ಲೇ ಮಲಗುತ್ತದೆ. ದಯವಿಟ್ಟು ಕೈ ಹಿಡಿದು ಮುಟ್ಟಿಸಬೇಡಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆ ಮಣ್ಣು ಹಾಕಿ, ಚೀಲದ ಬಾಯಿಗೆ ಟೇಪ್ ಅಂಟಿಸಿ ಕೊಟ್ಟರೆ ಹೊರಗಿನಿಂದ ಹಿಸುಕುತ್ತಾನೆ. ಜರಡಿ ಹಿಡಿದ ಸೋಸಿದ ಮಣ್ಣಿಗೆ ನೀರು, ಸ್ವಲ್ಪ ಗೋಂದು ಸೇರಿಸಿ ಬ್ರಷ್ ಕೊಟ್ಟರೆ ಚಿತ್ರ ಬರೆಯುತ್ತಾನೆ. ಎಲ್ಲಕ್ಕಿಂತ ಕೆಲಸ ಮಾಡಿದ್ದು ಪಕ್ಕದಲ್ಲೇ ಇಟ್ಟ ನೀರಿನ ಬೋಗುಣಿ ಮತ್ತು ಟವೆಲ್. ಬೇಕಾದಾಗ ತೊಳೆದುಕೊಳ್ಳಬಹುದು ಅಂತ ಗೊತ್ತಿದ್ದರೆ ಒಂದು ಬೆರಳು ಮುಂದೆ ಬರುತ್ತದೆ.

ಹಸಿಮಣ್ಣು ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಶುರು ಮಾಡಿದೆವು. ಒಂದು ಮಗು ಕಲ್ಲನ್ನು ಮಲಗಿಸಿ ಕರ್ಚೀಫ್ ಹೊದಿಸಿದೆ. ಇನ್ನೊಂದು ಕೇಳಿತು, ‘ನನ್ನ ಕಲ್ಲು ದೊಡ್ಡದಾಗುತ್ತಾ?’ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ, ನಾಳೆ ಹೇಳುತ್ತೇನೆ ಅಂದಿದ್ದೇನೆ. ಮತ್ತೆ, ವಾರದ ಕೊನೆಗೆ ‘ಮಕ್ಕಳು ಏನು ಕಲಿತರು’ ಅಂತ ಬರೆದು ಕೊಡಬೇಕು. ಹೆಸರುಗಳೇ ಇಲ್ಲದೆ ಏನು ಬರೆಯಲಿ?

ಕಿಟಕಿಪಕ್ಕ ಬರೆದದ್ದು:

ಕರ್ಚೀಫ್ ತೆಗೆಯಬೇಡಿ.

ದೊಡ್ಡದಾಗುತ್ತಾ ಅಂದರೆ, ಉತ್ತರ ನೀವು ಹೇಳಬೇಡಿ, ಅಳೆಯಲು ಕೊಡಿ. ಕಾಗದದ ಮೇಲೆ ಕಲ್ಲನ್ನಿಟ್ಟು ಸುತ್ತ ಪೆನ್ಸಿಲ್ ಗೆರೆ ಎಳೆಯಲಿ, ಗುರುತಿಗೆ ಕಲ್ಲಿಗೂ ಕಾಗದಕ್ಕೂ ಒಂದು ಬಣ್ಣದ ಚುಕ್ಕೆ ಹಾಕಿ. ಶುಕ್ರವಾರ ಅದೇ ಗೆರೆಯೊಳಗೆ ಮತ್ತೆ ಇಟ್ಟು ನೋಡಲಿ. ಜೊತೆಗೆ ಬೇಗ ಮೊಳೆಯುವ ಕಾಳೊಂದನ್ನು ಒದ್ದೆ ಬಟ್ಟೆಯಲ್ಲಿಟ್ಟು ಅದಕ್ಕೂ ಹೀಗೇ ಮಾಡಿಸಿ. ಕಾಳು ಗೆರೆ ದಾಟುತ್ತದೆ, ಕಲ್ಲು ದಾಟುವುದಿಲ್ಲ. ಉಜ್ಜಿ ಪುಡಿ ಮಾಡಿದ ಕಲ್ಲು ಚಿಕ್ಕದಾಗಿದೆ ಅಂತಲೂ ಯಾರಾದರೂ ಹೇಳಬಹುದು. ಹೇಳಿದರೆ ನಿಮ್ಮ ವಾರ ಗೆದ್ದಿತು.

ಬರೆದು ಕೊಡುವುದಕ್ಕೆ ಮಕ್ಕಳು ಆಡಿದ ಮಾತನ್ನೇ ದಿನಾಂಕ ಹಾಕಿ ಬರೆಯಿರಿ. ಮೊದಲ ದಿನ ‘ಕಲ್ಲು’ ಅಂದ ಮಗು ಕೊನೆಯ ದಿನ ‘ಒಂದು ಕಡೆ ನುಣುಪು, ಇನ್ನೊಂದು ಕಡೆ ಒರಟು’ ಅಂದಿದ್ದರೆ ಎರಡೂ ಸಾಲು ಅಕ್ಕಪಕ್ಕ ಇಡಿ. ಮುಳುಗುತ್ತಾ ತೇಲುತ್ತಾ ಅಂತ ಮುಂಚೆಯೇ ಊಹಿಸಿದ್ದನ್ನೂ ಸೇರಿಸಿ, ಊಹೆ ತಪ್ಪಿದ್ದರೂ ಪರವಾಗಿಲ್ಲ. ಹೆಸರು ಬೇಕೇ ಬೇಕು ಅಂತ ಹಟ ಹಿಡಿದರೆ ಮರಳು, ಜೇಡಿ, ಸುಣ್ಣದಕಲ್ಲು ಅಂತ ಬರೆಯಿರಿ, ಅವನ್ನು ಮಕ್ಕಳು ಮುಟ್ಟಿರುತ್ತಾರೆ.

ಅಗೆಯುವಾಗ ಎರೆಹುಳು ಸಿಕ್ಕೇ ಸಿಗುತ್ತದೆ. ಅದು ಉಸಿರಾಡುವುದು ಚರ್ಮದಿಂದ, ಚರ್ಮ ಒಣಗಿದರೆ ಸಾಯುತ್ತದೆ. ಒದ್ದೆ ಕೈಯಲ್ಲಿ ಹಿಡಿಯಲಿ, ಬಿಸಿಲಿಗೆ ಬೇಡ, ನೋಡಿ ಮುಗಿದ ಮೇಲೆ ಅದೇ ಗುಂಡಿಗೆ ಬಿಟ್ಟು ಮಣ್ಣು ಮುಚ್ಚಿ.